ಶಾಲೆಯ ನೀರು ನಮ್ಮ ಹೊಲ ಕೊರೀತು ಅಂದ್ಕೊಂಡಿದ್ದೆ: ಮಕ್ಕಳು ಬರೆದ ನಕ್ಷೆ ಬೇರೇನೇ ಹೇಳಿತು

ಈ ವಾರ ಬೀಜ, ಗೊಬ್ಬರ, ಔಷಧದ ಮಾತು ಪಕ್ಕಕ್ಕಿಡೋಣ. ಮಳೆ ಬಂದಾಗ ನೆಲದ ಮೇಲೆ ಓಡಿ ಹೋಗುವ ನೀರಿನ ಬಗ್ಗೆ ಮಾತಾಡೋಣ. ಇದನ್ನು ನನಗೆ ಕಲಿಸಿದವರು ನಮ್ಮೂರ ಹೈಸ್ಕೂಲಿನ ಒಂಬತ್ತನೇ ಕ್ಲಾಸಿನ ಮಕ್ಕಳು. ನಾನು ಕಲಿಯೋಕೆ ಅಂತ ಹೋಗಿರಲಿಲ್ಲ, ಜಗಳಕ್ಕೆ ಹೋಗಿದ್ದೆ.

ನಮ್ಮೂರು ಹಾನಗಲ್ ತಾಲೂಕಿನಲ್ಲಿ, ಶಿಗ್ಗಾವಿ ಗಡಿಗೆ ಹತ್ತಿರ. ಮಸಾರಿ ನೆಲ. ಶಾಲೆಗೆ ಎರಡು ಎಕರೆ ಜಾಗ ಕೊಟ್ಟವರು ನಮ್ಮಜ್ಜ. ಹೀಗಾಗಿ ನಮ್ಮ ಹೊಲ ಎರಡು ತುಂಡಾಗಿದೆ. ಶಾಲೆಯ ಮೇಲ್ಗಡೆ ಮೂರು ಎಕರೆ, ಕೆಳಗಡೆ ಎರಡೂವರೆ ಎಕರೆ. ಎರಡರಲ್ಲೂ ಗೋವಿನಜೋಳ.

ಹೋದ ವರ್ಷ ಜೂನ್ ಕೊನೆಯಲ್ಲಿ ಒಂದು ಸಂಜೆ ಜೋರು ಮಳೆ ಬಿತ್ತು. ಬೆಳಗ್ಗೆ ಹೋಗಿ ನೋಡಿದರೆ ಕೆಳಗಿನ ಹೊಲದಲ್ಲಿ ಮೊಣಕಾಲು ಮುಳುಗುವಷ್ಟು ಕೊರಕಲು. ಆರು ಸಾಲು ಬೆಳೆ, ಹಾಕಿದ್ದ ಗೊಬ್ಬರ ಸಮೇತ ಹೋಗಿತ್ತು. ಕೊರಕಲು ಶುರುವಾಗಿದ್ದು ಸರಿಯಾಗಿ ಶಾಲೆ ಕಂಪೌಂಡಿನ ಕೆಳಮೂಲೆಯಿಂದ. ಇನ್ನೇನು ಸಾಕ್ಷಿ ಬೇಕು? ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಸೀದಾ ಶಾಲೆಗೆ ಹೋದೆ. "ನಿಮ್ಮ ಶಾಲೆ ನೀರು ನಮ್ಮ ಹೊಲ ಹಾಳು ಮಾಡೇತಿ, ಆ ಮೂಲೀಗೆ ಗೋಡಿ ಕಟ್ಟಸ್ರಿ" ಅಂದೆ.

ವಿಜ್ಞಾನದ ಮೇಷ್ಟ್ರು ಸಿಟ್ಟಾಗಲಿಲ್ಲ. "ನೀರು ಎಷ್ಟು ಬಂತು, ಎಲ್ಲಿಂದ ಬಂತು, ಲೆಕ್ಕ ಐತೇನ್ರಿ? ಇಲ್ಲಂದ್ರ ನಾವೂ ನೀವೂ ಕೂಡಿ ಅಳತಿ ಮಾಡೋಣು" ಅಂದರು. ಶಾಲೆಯ ಇಕೋ ಕ್ಲಬ್ಬಿನ ಮಕ್ಕಳಿಗೆ ಅದೇ ಆ ವರ್ಷದ ಕೆಲಸವಾಯಿತು. ನಾನೂ ಸೇರಿಕೊಂಡೆ, ನಮ್ಮ ತಪ್ಪಿಲ್ಲ ಅಂತ ತೋರಿಸಬೇಕಿತ್ತಲ್ಲ.

ನೀರಿನ ನಕ್ಷೆ ಬರೆಯೋದು ಹೇಗೆ?

ಇದಕ್ಕೆ ಎಂಜಿನಿಯರ್ ಬೇಕಿಲ್ಲ. ಮಕ್ಕಳು ಮಾಡಿದ್ದು ಐದು ಕೆಲಸ.

1. ಜಾಗದ ಚಿತ್ರ. ಮೊಬೈಲಿನ ಉಪಗ್ರಹ ನಕ್ಷೆಯಲ್ಲಿ ಶಾಲೆಯ ಆವರಣ ನೋಡಿ ದೊಡ್ಡ ಹಾಳೆಯ ಮೇಲೆ ಬರೆದುಕೊಂಡರು. ಗೂಗಲ್ ಅರ್ಥ್‌ನಂಥ ಆ್ಯಪಿನಲ್ಲಿ ಅಂಚಿನ ಸುತ್ತ ಬೆರಳಿಟ್ಟು ಗುರುತು ಹಾಕಿದರೆ ವಿಸ್ತೀರ್ಣ ತಾನೇ ಸಿಗುತ್ತದೆ. ಆಮೇಲೆ ಟೇಪ್ ಹಿಡಿದು ತಾಳೆ ನೋಡಿದರು. ಚಾವಣಿ, ಸಿಮೆಂಟ್ ಅಂಗಳ, ಆಟದ ಮೈದಾನ, ಗಿಡ ಮತ್ತು ಹುಲ್ಲಿನ ಜಾಗ, ನಾಲ್ಕಕ್ಕೂ ಬೇರೆ ಬೇರೆ ಬಣ್ಣ.

2. ಎತ್ತರ ತಗ್ಗು. ಇಲ್ಲಿ ಎಚ್ಚರ. ಮೊಬೈಲ್ ತೋರಿಸುವ ಎತ್ತರವನ್ನು ನಂಬಬೇಡಿ. ಅದು ಎಷ್ಟೋ ಮೀಟರ್ ಹೆಚ್ಚುಕಮ್ಮಿ ತೋರಿಸುತ್ತದೆ. ನಮ್ಮ ಶಾಲೆಯ ಮೇಲ್ಮೂಲೆಗೂ ಕೆಳಮೂಲೆಗೂ ಇದ್ದ ವ್ಯತ್ಯಾಸ ಬರೀ 1.9 ಮೀಟರ್. ಗೌಂಡಿಗಳು ಬಳಸುವ ಪಾರದರ್ಶಕ ನೀರಿನ ಪೈಪು ಸಾಕು. 15 ಮೀಟರ್ ಪೈಪು, ಅಳತೆ ಬರೆದ ಎರಡು ಕೋಲು, ಪೈಪಿನೊಳಗೆ ಗಾಳಿಗುಳ್ಳೆ ಇರಬಾರದು. ಎರಡೂ ತುದಿಯ ನೀರಿನ ಮಟ್ಟ ಎಷ್ಟರಲ್ಲಿ ನಿಂತಿದೆ ಅಂತ ಕೋಲಿನ ಮೇಲೆ ಓದಿ ಕಳೆದರೆ ಇಳಿಜಾರು ಗೊತ್ತಾಗುತ್ತದೆ. 10 ಮೀಟರಿಗೊಂದು ಗೂಟ ಹೊಡೆದು ಎರಡು ದಿನದಲ್ಲಿ ಮುಗಿಸಿದರು. 127 ಮೀಟರ್ ಉದ್ದಕ್ಕೆ 1.9 ಮೀಟರ್ ಇಳಿಕೆ ಅಂದರೆ 100 ಮೀಟರಿಗೆ ಒಂದೂವರೆ ಮೀಟರ್. ಕಣ್ಣಿಗೆ ಸಪಾಟು ಕಾಣುವ ನೆಲ ಅದು.

3. ಮಳೆ ಅಳತೆ. ಬದಿ ನೆಟ್ಟಗಿರುವ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗು ಮಾಡಿ ಆಲಿಕೆಯ ಹಾಗೆ ಇಟ್ಟರು. ಬಾಟಲಿಯ ತಳ ಡೊಂಕು ಇರೋದರಿಂದ ನೆಟ್ಟಗಿನ ಭಾಗ ಶುರುವಾಗುವವರೆಗೆ ನೀರು ತುಂಬಿ, ಅದನ್ನು ಸೊನ್ನೆ ಅಂತ ಗುರುತು ಮಾಡಿದರು. ಅಲ್ಲಿಂದ ಮೇಲೆ ಸ್ಕೇಲ್ ಅಂಟಿಸಿದರೆ ಮಿ.ಮೀ. ಲೆಕ್ಕ ಸಿಗುತ್ತದೆ. ನಮ್ಮ ರಾಜ್ಯದಲ್ಲಿ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದ್ದಾರೆ, ಅದರ ಲೆಕ್ಕದ ಜೊತೆ ಹೋಲಿಸಿ ನೋಡಬಹುದು.

4. ಹರಿವಿನ ಗುರುತು. ಮಳೆಗೆ ಮುಂಚೆ ಮೈದಾನದಲ್ಲಿ ಅಲ್ಲಲ್ಲಿ ಸುಣ್ಣದ ಪುಡಿಯಿಂದ ಅಡ್ಡಗೆರೆ ಎಳೆದರು. ಮಳೆ ನಿಂತ ಮೇಲೆ ಗೆರೆ ಎಲ್ಲಿ ಕೊಚ್ಚಿ ಹೋಗಿದೆ, ಒಣ ಎಲೆ ಕಡ್ಡಿ ಎಲ್ಲಿ ಸಾಲಾಗಿ ನಿಂತಿದೆ ನೋಡಿ ನಕ್ಷೆಯ ಮೇಲೆ ಬಾಣ ಹಾಕಿದರು. ಮಳೆ ಸುರಿಯುವಾಗ ಜಗಲಿಯಲ್ಲೇ ನಿಂತು ಹತ್ತತ್ತು ಸೆಕೆಂಡಿನ ವಿಡಿಯೋ ತೆಗೆದರು. ಗುಡುಗು ಕೇಳಿಸಿದರೆ ಯಾರೂ ಮೈದಾನಕ್ಕೆ ಇಳಿಯುವಂತಿಲ್ಲ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದ ಮೇಲೇ ಹೊರಗೆ. ಈ ನಿಯಮ ನಿಮ್ಮ ಹೊಲಕ್ಕೂ ಹಾಕಿಕೊಳ್ಳಿ.

5. ನೆಲ ಎಷ್ಟು ಕುಡಿಯುತ್ತದೆ? ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಆಳದ ಗುಂಡಿಗೆ ಸುಮಾರು 28 ಲೀಟರ್ ನೀರು ಹಿಡಿಯುತ್ತದೆ. ಮೊದಲ ಸಲ ತುಂಬಿಸಿ ಇಂಗಲು ಬಿಟ್ಟು, ಎರಡನೇ ಸಲ ತುಂಬಿಸಿ ಸಮಯ ನೋಡಬೇಕು. ಗಿಡಗಳ ಕೆಳಗೆ ಬೇಗ ಇಂಗಿತು. ಮೈದಾನದಲ್ಲಿ ಅದರ ನಾಲ್ಕು ಪಟ್ಟು ಹೊತ್ತು ಹಿಡಿಯಿತು. ಮಣ್ಣು ಒಂದೇ, ಆದರೆ ವರ್ಷಗಟ್ಟಲೆ ಕಾಲು ತುಳಿದು ಗಟ್ಟಿಯಾಗಿದೆ.

ಲೆಕ್ಕ ಮಾಡಿದಾಗ ಕಂಡದ್ದು

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಇದೊಂದು ನೆನಪಿಟ್ಟರೆ ಉಳಿದದ್ದು ಬರೀ ಗುಣಾಕಾರ. ಬಿದ್ದದ್ದೆಲ್ಲ ಹರಿಯುವುದಿಲ್ಲ. ಚಾವಣಿಯಿಂದ ಸುಮಾರು 85 ಪಾಲು, ಸಿಮೆಂಟಿನಿಂದ 80, ಗಟ್ಟಿ ಮೈದಾನದಿಂದ 50, ಗಿಡ ಹುಲ್ಲಿನ ಜಾಗದಿಂದ 20 ಪಾಲು ಹರಿಯುತ್ತದೆ ಅಂತ ಅಂದಾಜು ಹಿಡಿದೆವು. ಎಲ್ಲ ನೂರಕ್ಕೆ ಲೆಕ್ಕ. 40 ಮಿ.ಮೀ. ಮಳೆಗೆ ಮಕ್ಕಳು ಬರೆದ ಪಟ್ಟಿ ಹೀಗಿತ್ತು:

ಚಾವಣಿ, 400 ಚದರ ಮೀಟರ್: 13,600 ಲೀಟರ್
ಸಿಮೆಂಟ್ ಅಂಗಳ, 300 ಚದರ ಮೀಟರ್: 9,600 ಲೀಟರ್
ಆಟದ ಮೈದಾನ, 4,000 ಚದರ ಮೀಟರ್: 80,000 ಲೀಟರ್
ಗಿಡ, ಹುಲ್ಲು, 3,400 ಚದರ ಮೀಟರ್: 27,200 ಲೀಟರ್
ಒಟ್ಟು: 1,30,400 ಲೀಟರ್

ಶಾಲೆಯಲ್ಲಿ ಮಳೆನೀರು ಅಂದ ಕೂಡಲೇ ಎಲ್ಲರೂ ಚಾವಣಿ ನೋಡುತ್ತೇವೆ. ಆದರೆ ಓಡಿ ಹೋಗುವ ನೀರಿನಲ್ಲಿ ಚಾವಣಿಯ ಪಾಲು ಹತ್ತರಲ್ಲಿ ಒಂದು ಮಾತ್ರ. ಮೈದಾನದ್ದು ಹತ್ತರಲ್ಲಿ ಆರು.

ಪಟ್ಟಿ ನೋಡಿ ನನಗೆ ಖುಷಿ. "ನೋಡ್ರಿ, ಒಂದೂಕಾಲು ಲಕ್ಷ ಲೀಟರಿಗೂ ಹೆಚ್ಚು ನೀರು ನಮ್ಮ ಹೊಲಕ್ಕ ಬಿಟ್ಟೀರಿ" ಅಂದೆ. ಆಗ ಒಬ್ಬ ಹುಡುಗಿ ನಕ್ಷೆಯ ಮೇಲ್ಮೂಲೆ ತೋರಿಸಿದಳು. ಅಲ್ಲಿ ಕಂಪೌಂಡಿನ ಕಲ್ಲು ಬಿದ್ದು ಸಂದಿ ಆಗಿತ್ತು. ಅವಳು ಹಾಕಿದ ಬಾಣ ಹೊರಗಿನಿಂದ ಒಳಗೆ ಬರುತ್ತಿತ್ತು. "ಅಣ್ಣಾ, ಇಲ್ಲಿಂದ ಬರೋದು ಯಾರ ನೀರು?" ಅಂತ ಕೇಳಿದಳು.

ಮೇಲಿನ ಹೊಲವೂ ನಮ್ಮದೇ.

ಎರಡು ಮೂಲೆಯಲ್ಲಿ ಅಳೆದೆವು

ಅಂದಾಜಿನ ಮೇಲೆ ಮಾತು ಬೇಡ, ಹರಿಯುವ ನೀರನ್ನೇ ಅಳೆಯೋಣ ಅಂದರು ಮೇಷ್ಟ್ರು. ಇದು ನೀವೂ ಕಲಿಯಬೇಕಾದ ವಿದ್ಯೆ. ನೀರು ನೆಟ್ಟಗೆ ಹರಿಯುವ ಕಡೆ 5 ಮೀಟರ್ ಅಳತೆ ಮಾಡಿ ಎರಡು ಕಡ್ಡಿ ನೆಡಿ. ಮೇಲಿನ ಕಡ್ಡಿಯ ಹತ್ತಿರ ಒಂದು ಎಲೆ ಬಿಟ್ಟು, ಕೆಳಗಿನ ಕಡ್ಡಿ ಮುಟ್ಟಲು ಎಷ್ಟು ಸೆಕೆಂಡ್ ಹಿಡಿಯಿತು ಅಂತ ಮೊಬೈಲಿನಲ್ಲಿ ನೋಡಿ. ನೀರಿನ ಅಗಲ, ಆಳ, ವೇಗ ಮೂರನ್ನೂ ಗುಣಿಸಿ. ಮೇಲ್ಪದರದ ನೀರು ತಳದ ನೀರಿಗಿಂತ ಜೋರಾಗಿ ಓಡುವುದರಿಂದ ಬಂದ ಉತ್ತರವನ್ನು 0.85ರಿಂದ ಗುಣಿಸಬೇಕು.

ಜುಲೈ ಮಳೆಯೊಂದು ಜೋರಾಗಿ ಸುರಿದು ಹನಿಗೆ ಬಂದಾಗ ಅಳೆದೆವು. ಗುಡುಗು ಇರಲಿಲ್ಲ. ಕೆಳಮೂಲೆಯಲ್ಲಿ ಅಗಲ ಅರ್ಧ ಮೀಟರ್, ಆಳ 8 ಸೆಂ.ಮೀ., ಎಲೆ 5 ಮೀಟರ್ ಹೋಗಲು 10 ಸೆಕೆಂಡ್. ಅಂದರೆ ಸೆಕೆಂಡಿಗೆ 17 ಲೀಟರ್ ಹೊರಗೆ ಹೋಗುತ್ತಿತ್ತು. ಅದೇ ಹೊತ್ತಿಗೆ ಮೇಲ್ಮೂಲೆಯ ಸಂದಿಯಲ್ಲಿ ಒಳಗೆ ಬರುತ್ತಿದ್ದದ್ದು ಸೆಕೆಂಡಿಗೆ 9 ಲೀಟರ್.

ಅರ್ಧಕ್ಕಿಂತ ಹೆಚ್ಚು ನೀರು ನಮ್ಮ ಮೇಲಿನ ಹೊಲದಿಂದ ಶಾಲೆ ದಾಟಿ ನಮ್ಮ ಕೆಳಗಿನ ಹೊಲವನ್ನೇ ಕೊರೆಯುತ್ತಿತ್ತು. ಕಾರಣ ಗೊತ್ತಿದ್ದದ್ದೇ. ಟ್ರ್ಯಾಕ್ಟರಿಗೆ ಉದ್ದ ಸಾಲು ಸಿಗಲಿ ಅಂತ ಇಳಿಜಾರಿನ ಉದ್ದಕ್ಕೇ ಬಿತ್ತುತ್ತಿದ್ದೆವು. ಒಂದೊಂದು ಸಾಲೂ ಒಂದೊಂದು ಕಾಲುವೆ. ಅಡ್ಡ ಒಡ್ಡುಗಳು ಅಜ್ಜನ ಕಾಲಕ್ಕೆ ಇದ್ದವಂತೆ, ಟ್ರ್ಯಾಕ್ಟರ್ ತಿರುಗಿಸಲು ಅಡ್ಡ ಅಂತ ತೆಗೆಸಿದ್ದು ನಾವೇ. ನಾನು ಕೇಳಿದ ಹಾಗೆ ಕೆಳಮೂಲೆಗೆ ಗೋಡೆ ಕಟ್ಟಿದ್ದರೆ ನೀರು ಶಾಲೆಯ ಕೋಣೆಗೆ ನುಗ್ಗುತ್ತಿತ್ತು. ಆ ದಿನ ಮಕ್ಕಳ ಮುಂದೆ ನನಗೆ ಮಾತೇ ಬರಲಿಲ್ಲ.

ಮಾಡಿದ ಕೆಲಸ: ಮೇಲಿನಿಂದ ಕೆಳಕ್ಕೆ

ಮೊದಲು ಮಾಡಿದ ತಪ್ಪು ಹೇಳಿಬಿಡುತ್ತೇನೆ. ನಕ್ಷೆ ಪೂರ್ತಿ ಆಗುವ ಮುಂಚೆಯೇ ನನ್ನ ಹಟಕ್ಕೆ ಕೆಳಮೂಲೆಯಲ್ಲಿ ನಾಲ್ಕಡಿ ಆಳದ ಇಂಗುಗುಂಡಿ ತೋಡಿಸಿದ್ದೆವು. ಒಂದೇ ಮಳೆಗೆ ಅದು ಕೆಂಪು ಮಣ್ಣಿನಿಂದ ತುಂಬಿತು. ಆ ಮಣ್ಣೂ ನಮ್ಮ ಮೇಲಿನ ಹೊಲದ್ದೇ. ಮಕ್ಕಳು ಓಡಾಡುವ ಜಾಗದಲ್ಲಿ ಅಷ್ಟು ಆಳದ ಗುಂಡಿ ಅಪಾಯ ಬೇರೆ. ಮುಚ್ಚಿಸಿದೆವು.

ನೀರಿನ ಕೆಲಸ ಎತ್ತರದಿಂದ ಶುರುವಾಗಬೇಕು. ನಮ್ಮ ಜಿಲ್ಲೆಗೆ ಇದು ಹೊಸದಲ್ಲ. 2001ರಿಂದ 2009ರವರೆಗೆ ನಡೆದ ಸುಜಲ ಜಲಾನಯನ ಯೋಜನೆಯ ಐದು ಜಿಲ್ಲೆಗಳಲ್ಲಿ ಹಾವೇರಿಯೂ ಒಂದು. ಜಲಾನಯನದ ಕೆಲಸಗಳು ನೆತ್ತಿಯಿಂದ ಕಣಿವೆಗೆ ಇಳಿಯುತ್ತವೆ. ನಾವೂ ಹಾಗೇ ಮಾಡಿದೆವು.

ಮೇಲಿನ ಹೊಲ: ಮಕ್ಕಳೇ ನೀರಿನ ಪೈಪು ಹಿಡಿದು ಒಂದೇ ಮಟ್ಟದ ನಾಲ್ಕು ಗೆರೆ ಹಾಕಿಕೊಟ್ಟರು. ಆ ಗೆರೆಗೆ ಒಡ್ಡು ಹಾಕಿ, ಇಳಿಜಾರಿಗೆ ಅಡ್ಡಲಾಗಿ ಬಿತ್ತಬೇಕು. ಅಪ್ಪ ಒಪ್ಪಲಿಲ್ಲ. "ಸಾಲು ಗಿಡ್ಡ ಆದ್ರ ಟ್ರ್ಯಾಕ್ಟರಿನವ ತಾಸಿಗೆ ಹೆಚ್ಚು ಕೇಳ್ತಾನ, ಒಡ್ಡಿಗೆ ಹೊಲ ಹೋಕ್ಕೈತಿ" ಅಂದರು. ಅದೂ ಸುಳ್ಳಲ್ಲ. ತಿರುಗಿಸುವ ಹೊತ್ತು ಹೆಚ್ಚಾಗಿ ಖರ್ಚು ಏರುತ್ತದೆ. ಕೊನೆಗೆ ಈ ವರ್ಷ ಒಂದೂವರೆ ಎಕರೆಗೆ ಮಾತ್ರ ಅಡ್ಡ ಬಿತ್ತನೆ ಆಯಿತು. ಒಡ್ಡಿನ ಮೇಲೆ ಮೇವಿನ ಹುಲ್ಲು ಹಚ್ಚಿದ್ದೇವೆ, ಎಮ್ಮೆಗೆ ಆಗುತ್ತದೆ.

ಚಾವಣಿ: ಶಾಲೆಯಲ್ಲಿ ಹಳೆಯ ತೊಟ್ಟಿ ಇತ್ತು, ಪೈಪು ಕಳಚಿತ್ತು. ಸುವರ್ಣ ಕರ್ನಾಟಕದ ಹೊತ್ತಿಗೆ, 2006ರ ಆಸುಪಾಸಿನಲ್ಲಿ, ರಾಜ್ಯದ 23 ಸಾವಿರಕ್ಕೂ ಹೆಚ್ಚು ಗ್ರಾಮೀಣ ಶಾಲೆಗಳಲ್ಲಿ ಚಾವಣಿ ನೀರು ಹಿಡಿಯಲು ಸುವರ್ಣ ಜಲ ಯೋಜನೆ ಬಂದಿತ್ತು. ನಿಮ್ಮೂರ ಶಾಲೆಯಲ್ಲೂ ಹಳೆಯ ತೊಟ್ಟಿ ಇದ್ದರೆ ಹೊಸದಕ್ಕೆ ಖರ್ಚು ಮಾಡುವ ಮೊದಲು ಅದನ್ನು ನೋಡಿ. ನಾವು ಪೈಪು ಜೋಡಿಸಿ, ಮೊದಲ ಮಳೆಯ ಕೊಳೆ ನೀರು ಹೊರಗೆ ಹೋಗಲು ಬೇರೆ ದಾರಿ ಇಟ್ಟೆವು. ಆ ನೀರು ಶೌಚಾಲಯಕ್ಕೆ, ಗಿಡಗಳಿಗೆ. ಶುದ್ಧ ಮಾಡದೆ ಕುಡಿಯಲು ಅಲ್ಲ.

ಮೈದಾನ: ಕೆಳಗಿನ ಅಂಚಿಗೆ 80 ಮೀಟರ್ ಉದ್ದಕ್ಕೆ ಒಂದೂವರೆ ಮೀಟರ್ ಅಗಲದ, ಬರೀ 20 ಸೆಂ.ಮೀ. ಆಳದ ತಟ್ಟೆಯಂಥ ತಗ್ಗು ಮಾಡಿ ಗರಿಕೆ ಹಚ್ಚಿದೆವು. ಸುಮಾರು 16,000 ಲೀಟರ್ ನಿಲ್ಲುತ್ತದೆ. ಚೆಂಡು ಬಿದ್ದರೂ ಎತ್ತಿಕೊಳ್ಳಬಹುದು, ಮಗು ಬಿದ್ದರೂ ಭಯವಿಲ್ಲ. ಮೈದಾನದ 80,000 ಲೀಟರಿಗೆ ಇದು ಸಾಲದು, ಆದರೆ ನೀರು ಒಂದೇ ಮೂಲೆಗೆ ನುಗ್ಗದೆ ಹರಡಿಕೊಂಡು ನಿಧಾನ ಆಗುತ್ತದೆ.

ಕೆಳಮೂಲೆ: ಗೋಡೆ ಕಟ್ಟಲಿಲ್ಲ. ನೀರು ಬೀಳುವ ಕಡೆ ಕಲ್ಲು ಹಾಸಿ, ಅದರ ಮುಂದೆ ಲಾವಂಚ ನೆಟ್ಟೆವು.

ಕೆಳಗಿನ ಹೊಲ: ಉಳಿದ ನೀರಿಗೆ ಕೃಷಿ ಹೊಂಡ ತೋಡಿಸುವ ಯೋಚನೆ ಇದೆ. ಮೇಲೆ 10 ಮೀಟರ್ ಚೌಕ, ತಳದಲ್ಲಿ 4 ಮೀಟರ್ ಚೌಕ, 3 ಮೀಟರ್ ಆಳ ಇದ್ದರೆ 1,56,000 ಲೀಟರ್ ಹಿಡಿಯುತ್ತದೆ. ಆಗಸ್ಟಿನಲ್ಲಿ ಮಳೆ ಕೈಕೊಟ್ಟಾಗ ತೆನೆ ಕಟ್ಟುವ ಗೋವಿನಜೋಳಕ್ಕೆ ಒಂದು ನೀರು ಕೊಟ್ಟರೂ ದೊಡ್ಡ ಲಾಭ. ಸಹಾಯಧನಕ್ಕೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಹೊಂಡಕ್ಕೆ ತಂತಿಬೇಲಿ ಮಾತ್ರ ತಪ್ಪಿಸಬೇಡಿ.

ಈ ವರ್ಷ ಹೆಚ್ಚುಕಡಿಮೆ ಅಂಥದೇ ಮಳೆಯಲ್ಲಿ ಮೇಲ್ಮೂಲೆಯಲ್ಲಿ ಅಳೆದಾಗ ಸೆಕೆಂಡಿಗೆ 9 ಇದ್ದದ್ದು 5 ಲೀಟರಿಗೆ ಬಂದಿತ್ತು. ಅರ್ಧ ಹೊಲ ಬದಲಾಯಿಸಿದ್ದಕ್ಕೇ ಇಷ್ಟು. ಕೊರಕಲು ಮುಂದೆ ಬೆಳೆದಿಲ್ಲ. ಪಟ್ಟಿಯನ್ನು ಅಪ್ಪನಿಗೆ ತೋರಿಸಿದ್ದೇನೆ. ಏನೂ ಅನ್ನಲಿಲ್ಲ, ಆದರೆ ಮರುದಿನ ಬೆಳಗ್ಗೆ ಒಡ್ಡಿನ ಮೇಲೆ ಒಬ್ಬರೇ ಅಡ್ಡಾಡಿ ಬಂದರು.

ನಿಮ್ಮ ತಾಲೂಕಿಗೆ ತಕ್ಕಂತೆ

ನಮ್ಮಲ್ಲಿ ಆದದ್ದನ್ನು ಹಾಗೇ ನಕಲು ಮಾಡಬೇಡಿ. ಕೃಷಿ ಹವಾಮಾನದ ಲೆಕ್ಕದಲ್ಲಿ ಹಾನಗಲ್ ಗುಡ್ಡಗಾಡು ವಲಯದಲ್ಲಿ ಬರುತ್ತದೆ. ಶಿಗ್ಗಾವಿ, ಸವಣೂರು, ಹಿರೇಕೆರೂರು ಉತ್ತರದ ಅರೆಮಲೆನಾಡಿನ ವಲಯ. ಹಾನಗಲ್ ಬಿಟ್ಟು ಪೂರ್ವಕ್ಕೆ ಸವಣೂರಿನ ಕಡೆ ಹೋದ ಹಾಗೆ ಮಳೆ ಕಡಿಮೆ.

ಮಸಾರಿ ನೆಲದಲ್ಲಿ ನೀರು ಬೇಗ ಇಂಗುತ್ತದೆ. ಇಂಗುತಗ್ಗು, ಟ್ರೆಂಚು ಚೆನ್ನಾಗಿ ಕೆಲಸ ಮಾಡುತ್ತವೆ. ಹೊಂಡಕ್ಕೆ ಮಾತ್ರ ತಾಡಪಾಲು ಬೇಕಾಗಬಹುದು. ಸವಣೂರು ಕಡೆಯ ಎರೆ ನೆಲದಲ್ಲಿ ಉಲ್ಟಾ. ಮೊದಲ ಮಳೆಯನ್ನು ಬಿರುಕುಗಳು ಕುಡಿಯುತ್ತವೆ, ಆಮೇಲೆ ನೆಲ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಅಲ್ಲಿ ಇಂಗುಗುಂಡಿ ತೋಡಿದರೆ ನೀರು ವಾರಗಟ್ಟಲೆ ನಿಂತು ಸೊಳ್ಳೆ ಆಗುತ್ತದೆ. ಹುಲ್ಲಿನ ಕಾಲುವೆ ಮಾಡಿ ಹೊಂಡಕ್ಕೆ ಒಯ್ಯುವುದೇ ಸರಿ. ಎರೆ ನೆಲದಲ್ಲಿ ಕಟ್ಟಡದ ಪಾಯದ ಹತ್ತಿರ ನೀರು ನಿಲ್ಲಿಸಲೇಬಾರದು, ನೆಲ ಉಬ್ಬಿ ಕುಗ್ಗಿ ಗೋಡೆ ಬಿರುಕು ಬಿಡುತ್ತದೆ. ಶಿಗ್ಗಾವಿ, ಹಿರೇಕೆರೂರು ಕಡೆ ಎರಡೂ ಬಗೆಯ ಮಣ್ಣು ಸಿಗುತ್ತದೆ. ಅಲ್ಲಿ ಆ ಒಂದಡಿ ಗುಂಡಿಯ ಪರೀಕ್ಷೆ ಮಾಡಿಯೇ ತೀರ್ಮಾನಿಸಿ.

ಇನ್ನೊಂದು ಮಾತು. ಎಲ್ಲ ನೀರನ್ನೂ ತಡೆದು ನಿಲ್ಲಿಸುವುದು ಗುರಿ ಆಗಬಾರದು. ನಮ್ಮ ಭಾಗ ಕೆರೆಗಳ ಸೀಮೆ. ಹಾನಗಲ್ಲಿನ ಆನಿಕೆರೆ, ಸವಣೂರಿನ ಮೋತಿ ತಲಾಬ್, ಹಿರೇಕೆರೂರಿನ ದುರ್ಗಾದೇವಿ ಕೆರೆ, ಹಳ್ಳಿಹಳ್ಳಿಯ ಸಣ್ಣ ಕೆರೆಗಳು, ಎಲ್ಲಕ್ಕೂ ಹರಿದು ಬರುವ ನೀರೇ ಆಧಾರ. ಮಣ್ಣು ಹೊಲದಲ್ಲೇ ಉಳಿಯಬೇಕು, ನೀರು ಓಡುವ ಬದಲು ನಡೆದು ಕೆರೆ ಸೇರಬೇಕು. ಅಷ್ಟು ಸಾಕು.

ತಪ್ಪದೆ ನೆನಪಿಡಿ

ಮೈದಾನದ ರಾಡಿ ನೀರನ್ನು ಬೋರ್‌ವೆಲ್ ಮರುಪೂರಣಕ್ಕೆ ಬಿಡಬೇಡಿ. ಶೌಚಾಲಯದ ಪಕ್ಕದಿಂದ ಹರಿಯುವ ನೀರನ್ನಂತೂ ಬಿಡಲೇಬೇಡಿ.

ಶಾಲೆಯ ಜಾಗದಲ್ಲಿ ಏನು ಅಗೆಯುವುದಿದ್ದರೂ ಮುಖ್ಯೋಪಾಧ್ಯಾಯರ ಮತ್ತು ಎಸ್‌ಡಿಎಂಸಿಯ ಒಪ್ಪಿಗೆ ಮೊದಲು.

ಹರಿಯುವ ನೀರಿನ ಅಳತೆ ದೊಡ್ಡವರ ಜೊತೆ ಮಾತ್ರ. ಹಳ್ಳ, ಮೋರಿ, ತುಂಬಿದ ಹೊಂಡದ ಹತ್ತಿರ ಮಕ್ಕಳನ್ನು ಬಿಡಬೇಡಿ.

ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಧ್ಯೆ ಒಮ್ಮೆ ಹೂಳು ತೆಗೆಯಿರಿ. ನಮ್ಮ ಶಾಲೆಯಲ್ಲಿ ಆ ಕೆಲಸಕ್ಕೆ ನಾನೇ ಹೆಸರು ಕೊಟ್ಟಿದ್ದೇನೆ.

ಮುಂದಿನ ಮಳೆ ಬಂದಾಗ ಕೊರಕಲು ಬಿದ್ದ ಕಡೆ ಫೋಟೋ ತೆಗೆದು ಗ್ರೂಪಿಗೆ ಹಾಕಿ ಸುಮ್ಮನಾಗಬೇಡಿ. ಗುಡುಗು ನಿಂತ ಮೇಲೆ ಕೊಡೆ ಹಿಡಿದು, ನೀರು ಬಂದ ದಾರಿಯಲ್ಲೇ ಮೇಲಕ್ಕೆ ನಡೆಯಿರಿ. ಬದು ದಾಟಿದರೆ ದಾಟಿ, ಪಕ್ಕದವರ ಹೊಲವಾದರೆ ಅವರನ್ನೂ ಕರೆದುಕೊಳ್ಳಿ. ನಡೆದು ನಡೆದು ನಿಮ್ಮದೇ ಹೊಲದ ತಲೆಕಟ್ಟಿಗೆ ಹೋಗಿ ಮುಟ್ಟಿದರೆ ನಾಚಿಕೆ ಬೇಡ. ನಾನೂ ಅಲ್ಲಿಗೇ ಹೋಗಿ ಮುಟ್ಟಿದವನು.